ಮದುವೆಯ ಕಾರ್ಯಕ್ರಮ ಪತ್ರಿಕೆ ಹೇಗಿರಬೇಕು?



ಮದುವೆಗೆ ಹೋಗಿಬಂದವರನ್ನು ‘ಮದುವೆ ಹೇಗಾಯಿತು?’ ಎಂದು ಕೇಳಿ ನೋಡಿ. ಊಟ ಚೆನ್ನಾಗಿತ್ತು, ಛತ್ರ ದೊಡ್ಡದಾಗಿತ್ತು, ಜನ ಬಹಳ ಸೇರಿದ್ದರು ಎಂಬ ಉತ್ತರ ಕೂಡಲೇ ಬರುತ್ತದೆ. ‘ವಧೂವರರು ಒಬ್ಬರಿಗೊಬ್ಬರು ಏನೆಂದು ಮಾತು ಕೊಟ್ಟರು?’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಅಕ್ಷತೆ ಹಾಕಿದ ಪ್ರತಿಯೊಬ್ಬರೂ ಆ ಮದುವೆಗೆ ಸಾಕ್ಷಿಗಳು. ಆದರೆ ತಾವು ಯಾವುದಕ್ಕೆ ಸಾಕ್ಷಿಯಾದೆವೆಂಬುದನ್ನು ಅರಿಯದ ಸಾಕ್ಷಿಗಳೇ ಅವರಲ್ಲಿ ಬಹುಮಂದಿ. ಹಸೆಮಣೆಯ ಮೇಲೆ ಕುಳಿತವರ ಸ್ಥಿತಿಯೂ ಎಷ್ಟೋ ವೇಳೆ ಇದಕ್ಕಿಂತ ಬೇರೆಯಾಗಿರುವುದಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಲಗ್ನಪತ್ರಿಕೆಯ ಜೊತೆಗೆ ಇನ್ನೊಂದು ಅಚ್ಚಿನ ಕಾಗದ ನಮ್ಮ ಮದುವೆಗಳಲ್ಲಿ ಕಾಣಿಸಿಕೊಳ್ಳುತ್ತಿದೆ. ಮಂಟಪದ ಬಾಗಿಲಲ್ಲಿ ಪನ್ನೀರು ಚಿಮುಕಿಸಿ, ಕಲ್ಲುಸಕ್ಕರೆ ಕೊಡುವ ಎಡೆಯಲ್ಲಿಯೇ ಅತಿಥಿಯ ಕೈಗೆ ಕೊಡುವ ಕಾರ್ಯಕ್ರಮ ಪತ್ರಿಕೆ ಅದು. ಯಾವ ಶಾಸ್ತ್ರದ ನಂತರ ಯಾವ ಶಾಸ್ತ್ರ, ಯಾವ ಹೊತ್ತಿಗೆ ಮಾಂಗಲ್ಯಧಾರಣೆ, ಯಾರಿಂದ ಆಶೀರ್ವಚನ ಎಂಬುದನ್ನು ಅದರಲ್ಲಿ ಅಚ್ಚು ಮಾಡಿರುತ್ತಾರೆ. ಅದು ಯಾವ ಮಾದರಿಯಲ್ಲಿದ್ದರೆ ಚೆನ್ನ ಎಂದು ಭಕ್ತರು ನಮ್ಮನ್ನು ಕೇಳುವುದುಂಟು. ಸ್ವಾಮಿಗಳಾದವರು ಕಾಗದದ ಅಂದಚೆಂದವನ್ನು ಕುರಿತು ಹೇಳುವುದೇನಿದೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಆ ಕಾಗದದಲ್ಲಿ ಏನನ್ನು ಬರೆಯುತ್ತೇವೆ, ಏನನ್ನು ಬಿಡುತ್ತೇವೆ ಎಂಬುದರ ಮೇಲೆ ಎರಡು ಮನೆಗಳ ನೆಮ್ಮದಿ ನಿಂತಿರುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದುದರಿಂದ ಈ ವಿಷಯವನ್ನು ನಿಮ್ಮ ಮುಂದಿಡುತ್ತಿದ್ದೇವೆ.

ಮೊದಲು ಲಗ್ನಪತ್ರಿಕೆ ಎಂಬ ಮಾತನ್ನೇ ತೆಗೆದುಕೊಳ್ಳೋಣ. ಇಂದು ಅದಕ್ಕೆ ಆಮಂತ್ರಣ ಎಂಬುದೊಂದೇ ಅರ್ಥ ಉಳಿದಂತಿದೆ. ಹಿಂದೆ ಹಾಗಿರಲಿಲ್ಲ. ನಿಶ್ಚಿತಾರ್ಥದ ದಿನ ಎರಡೂ ಮನೆಯ ಹಿರಿಯರು ಒಂದೆಡೆ ಕುಳಿತು, ವಧೂವರರ ಹೆಸರು, ಅವರ ತಂದೆತಾಯಿಗಳ ಹೆಸರು, ತಿಥಿ, ವಾರ, ಲಗ್ನ, ಮದುವೆ ನಡೆಯುವ ಸ್ಥಳ ಇವುಗಳನ್ನು ಕಾಗದದ ಮೇಲೆ ಬರೆಸಿ, ಅದರ ಮೂಲೆಗಳಿಗೆ ಅರಿಶಿನ ಕುಂಕುಮ ಹಚ್ಚಿ, ಎಲ್ಲರ ಎದುರಿಗೆ ಗಟ್ಟಿಯಾಗಿ ಓದಿಸಿ, ತಾಂಬೂಲದೊಡನೆ ಬದಲಾಯಿಸಿಕೊಳ್ಳುತ್ತಿದ್ದರು. ಅನೇಕ ಮನೆಗಳಲ್ಲಿ ಈ ಪದ್ಧತಿ ಇಂದಿಗೂ ಉಂಟು. ಅಂದರೆ ಲಗ್ನಪತ್ರಿಕೆಯು ಊರಿಗೆ ಹಂಚುವ ಕಾಗದವಾಗುವುದಕ್ಕೆ ಮೊದಲು ಎರಡು ಮನೆಗಳ ನಡುವಿನ ಒಡಂಬಡಿಕೆಯಾಗಿತ್ತು. ಬರೆದದ್ದನ್ನು ಎಲ್ಲರೂ ಕೇಳಿದ್ದರು. ಕೇಳಿದ್ದಕ್ಕೆ ಎಲ್ಲರೂ ಒಪ್ಪಿದ್ದರು. ಅಚ್ಚಿನ ಕೂಟ ಸುಲಭವಾದ ಮೇಲೆ ಹಂಚುವ ಕೆಲಸ ಬೆಳೆಯಿತು, ಒಪ್ಪುವ ಕೆಲಸ ಹಿಂದೆ ಸರಿಯಿತು. ಕಾರ್ಯಕ್ರಮ ಪತ್ರಿಕೆ ಹೇಗಿರಬೇಕೆಂಬ ಪ್ರಶ್ನೆಗೆ ನಾವು ಉತ್ತರ ಹುಡುಕಬೇಕಾದುದು ಈ ಹಳೆಯ ಪದ್ಧತಿಯಲ್ಲಿಯೇ ಎಂದು ನಮ್ಮ ಭಾವನೆ.

ಕೆಲವು ವರ್ಷಗಳ ಹಿಂದೆ ಶ್ರಾವಣಮಾಸದ ಪ್ರವಚನಕ್ಕೆಂದು ನಾವು ಚನ್ನಪಟ್ಟಣದಲ್ಲಿ ಬಿಡಾರ ಮಾಡಿದ್ದೆವು. ಸಮೀಪದ ಹಳ್ಳಿಯೊಂದರ ಭಕ್ತರು ತಮ್ಮ ಎರಡನೆಯ ಮಗಳೊಡನೆ ದರ್ಶನಕ್ಕೆ ಬಂದರು. ಹಿಪ್ಪುನೇರಳೆ ಹಾಗೂ ತೆಂಗು ಬೆಳೆದು ಬದುಕುವ ಮರ್ಯಾದಸ್ಥ ಕುಟುಂಬ. ಮಗಳು ಪ್ರೌಢಶಾಲೆಯ ಶಿಕ್ಷಕಿ. ಕಾರ್ತಿಕದಲ್ಲಿ ಮದುವೆ. ವರನ ಮನೆಯವರು ಧಾರವಾಡದ ಕಡೆಯವರು. ವರನು ಬೆಂಗಳೂರಿನಲ್ಲಿ ಉದ್ಯೋಗಿ. ಬೆಂಗಳೂರಿನ ಸುಲ್ತಾನಪೇಟೆಯ ಅಂಗಡಿಗಳಿಂದ ತಂದ ಮಾದರಿಗಳನ್ನು ಅವರು ನಮ್ಮ ಮುಂದೆ ಹರಡಿ, ‘ಬುದ್ಧೀ, ಇದರಲ್ಲಿ ಯಾವುದು ಮಾಡಿಸೋಣ? ತಾವೇ ಅಪ್ಪಣೆ ಕೊಡಿಸಬೇಕು’ ಎಂದರು.

ಮೊದಲನೆಯದು ಅಂಗೈಯಗಲದ ದಪ್ಪ ರಟ್ಟು. ಅದಕ್ಕೆ ಮಖಮಲ್ಲಿನಂಥ ಹೊದಿಕೆ, ಚಿನ್ನದ ಬಣ್ಣದ ಅಕ್ಷರ. ಅಕ್ಷರಗಳು ಬಳ್ಳಿಯಂತೆ ಸುತ್ತಿಕೊಂಡು ನೋಡುವುದಕ್ಕೆ ಸೊಗಸಾಗಿದ್ದವು. ಓದುವುದು ಮಾತ್ರ ಕಷ್ಟವಾಗಿತ್ತು. ಎರಡನೆಯದು ಎಂಟು ಪುಟಗಳ ಪುಸ್ತಿಕೆ. ಅದರ ಆರು ಪುಟಗಳಲ್ಲಿ ವಧೂವರರ ಭಾವಚಿತ್ರಗಳು, ಬಂಧುಗಳ ಹೆಸರುಗಳು, ಗಣ್ಯರ ಹೆಸರುಗಳು. ಮದುವೆಯ ವಿಧಿಗೆ ಉಳಿದದ್ದು ಒಂದು ಪುಟ. ಮೂರನೆಯದು ಬೀಸಣಿಗೆಯ ಆಕಾರದ ರಟ್ಟು. ಅದರ ಮೇಲೆಯೇ ಕಾರ್ಯಕ್ರಮ ಅಚ್ಚಾಗಿತ್ತು. ಬೇಸಿಗೆಯ ಮದುವೆಗೆ ಅದು ಯೋಗ್ಯವೇ ಸರಿ. ಕೈಯಲ್ಲಿ ಹಿಡಿದವರು ಅದನ್ನು ಎಸೆಯುವುದಿಲ್ಲ. ಬೀಸಿಕೊಳ್ಳುವಾಗಲಾದರೂ ಒಮ್ಮೆ ಓದುತ್ತಾರೆ. ಆದರೆ ಕಾರ್ತಿಕದ ಚಳಿಗೆ ಬೀಸಣಿಗೆ ಏಕೆ? ನಾಲ್ಕನೆಯದು ಅಚ್ಚೇ ಇಲ್ಲದ್ದು, ದೂರವಾಣಿಯಲ್ಲಿ ಎಲ್ಲರಿಗೂ ಕಳುಹಿಸುವ ಚಿತ್ರ. ಖರ್ಚಿಲ್ಲ, ನಿಜ. ಆದರೆ ಮುಹೂರ್ತದ ವೇಳೆಯಲ್ಲಿ ಸಭೆಯೆಲ್ಲ ದೂರವಾಣಿಯನ್ನು ನೋಡುತ್ತ ಕುಳಿತರೆ ಮಂಟಪವನ್ನು ನೋಡುವವರು ಯಾರು?

ಐದನೆಯದನ್ನು ಅವರು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಚನ್ನಪಟ್ಟಣವೆಂದರೆ ಬಣ್ಣದ ಗೊಂಬೆಗಳ ಊರೆಂಬುದು ಸರ್ವವಿದಿತ. ಆ ಭಕ್ತರ ಬಾಲ್ಯಸ್ನೇಹಿತರಾದ ಮುಸ್ಲಿಂ ಕುಶಲಕರ್ಮಿಯೊಬ್ಬರು ಗೆಳೆಯನ ಮಗಳ ಮದುವೆಗೆಂದು ಆಲೆಮರದ ಎರಡು ಕೋಲುಗಳನ್ನು ಲೇತಿನಲ್ಲಿ ಕಡೆದು, ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗನ್ನು ಒತ್ತಿ, ಆ ಬಿಸಿಯಲ್ಲೇ ಅದು ಕರಗಿ ಹತ್ತಿಕೊಳ್ಳುವಂತೆ ಮಾಡಿ, ಮೇಲೆ ತಾಳೆಗರಿಯಿಂದ ತೀಡಿ ಹೊಳಪು ಕೊಟ್ಟಿದ್ದರು. ಆ ಎರಡು ಕೋಲುಗಳ ನಡುವೆ ಕಾಗದವನ್ನು ಸುತ್ತಿದರೆ ಹಳೆಯ ಕಾಲದ ಓಲೆಯ ಸುರುಳಿಯಂತೆ ಕಾಣುತ್ತಿತ್ತು. ‘ಐನೂರು ಬೇಕಾದರೂ ಮಾಡಿಕೊಡುತ್ತೇನೆ ಅಂದಿದ್ದಾನೆ ಬುದ್ಧೀ, ಕೂಲಿ ಬೇಡವಂತೆ’ ಎಂದು ಆ ತಂದೆ ಹೇಳುವಾಗ ಅವರ ಕಣ್ಣು ತೇವವಾಗಿತ್ತು. ಆ ಸ್ನೇಹಕ್ಕೆ ನಾವೂ ತಲೆದೂಗಿದೆವು. ಆದರೆ ಐನೂರು ಸುರುಳಿಗಳೆಂದರೆ ಒಬ್ಬ ಕುಶಲಕರ್ಮಿಯ ಎಷ್ಟು ದಿನಗಳ ದುಡಿಮೆ ಎಂಬುದನ್ನೂ ಎಣಿಸಬೇಕಲ್ಲವೇ?

ಮಗಳು ಅದುವರೆಗೂ ಸುಮ್ಮನೆ ಕುಳಿತಿದ್ದಳು. ‘ನಿನಗೆ ಯಾವುದು ಇಷ್ಟವಮ್ಮಾ?’ ಎಂದು ಕೇಳಿದೆವು. ಆಕೆ ಹೇಳಿದ ಮಾತು ನಮ್ಮ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ‘ಬುದ್ಧೀ, ನಮ್ಮಕ್ಕನ ಮದುವೆಯಲ್ಲಿ ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಯಾವ ಗಳಿಗೆಯಲ್ಲಿ ಅವಳಿಗೆ ಮದುವೆ ಆಯ್ತು ಅಂತ ನನಗೆ ಗೊತ್ತಾಗಲಿಲ್ಲ. ಫೋಟೋದವರು ಅಡ್ಡ ಇದ್ದರು, ವಾಲಗ ಜೋರಾಗಿತ್ತು. ಆಮೇಲೆ ಅಕ್ಕನನ್ನ ಕೇಳಿದೆ. ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ನನಗೆ ಹಾಗೆ ಆಗಬಾರದು.’

‘ಹಾಗಾದರೆ ಮಾದರಿಯನ್ನು ಆಮೇಲೆ ಆರಿಸೋಣ. ಮೊದಲು ಅದರೊಳಗೆ ಏನು ಬರೆಯುತ್ತೀರಿ ಎಂಬುದನ್ನು ಬರೆದು ತನ್ನಿ. ಬೀಗರನ್ನೂ ಕರೆದುಕೊಂಡು ಬನ್ನಿ’ ಎಂದು ಹೇಳಿ ಕಳುಹಿಸಿದೆವು.

ಮರುವಾರ ಎರಡೂ ಮನೆಯವರು ಬಂದರು. ವರನ ಸೋದರಮಾವನವರು ಕಾರ್ಯಕ್ರಮವನ್ನು ಅಂದವಾಗಿ ಬೆರಳಚ್ಚು ಮಾಡಿಸಿ ತಂದಿದ್ದರು. ಹದಿನಾಲ್ಕು ಅಂಶಗಳು, ಪ್ರತಿಯೊಂದರ ಮುಂದೆಯೂ ಸಮಯ. ಓದಲು ಆರಂಭಿಸಿದ ಕೂಡಲೇ ತೊಡಕು ಎದ್ದಿತು. ಮೈಸೂರು ಸೀಮೆಯಲ್ಲಿ ಮುಹೂರ್ತದ ಹಿಂದಿನ ಸಂಜೆಯೇ ಆರತಕ್ಷತೆ ಮಾಡುವುದು ಈಗ ರೂಢಿ. ಛತ್ರ ಹಿಂದಿನ ಮಧ್ಯಾಹ್ನದಿಂದಲೇ ನಮ್ಮ ಕೈಗೆ ಬರುತ್ತದೆ, ಕೆಲಸಕ್ಕೆ ಹೋಗುವವರಿಗೆ ಸಂಜೆ ಅನುಕೂಲ ಎಂಬುದು ಅದಕ್ಕೆ ಕಾರಣ. ವರನ ಅಜ್ಜನವರಿಗೆ ಅದು ಅರ್ಥವಾಗಲಿಲ್ಲ. ‘ಅಜ್ಜಾರ, ಅಕ್ಕಿಕಾಳು ಬೀಳೂಕಿಂತ ಮೊದಲ ಆರತಕ್ಷತಿ ಅಂದ್ರ ಹ್ಯಾಂಗ್ರೀ? ಮದವೀನ ಆಗಿಲ್ಲ, ಗಂಡ ಹೆಂಡ್ತಿ ಅಂತ ಕುಂದ್ರಸೂದು ಯಾವ ಪದ್ಧತಿ?’ ಎಂದು ಅವರು ಕೇಳಿದರು. ಇತ್ತ ವಧುವಿನ ಸೋದರತ್ತೆಗೆ ‘ಸುರಗಿ’ ಎಂಬ ಅಂಶ ಏನೆಂದೇ ತಿಳಿಯಲಿಲ್ಲ. ನಾಲ್ಕು ಮೂಲೆಗಳಲ್ಲಿ ತಂಬಿಗೆಗಳನ್ನಿಟ್ಟು, ದಾರ ಸುತ್ತಿ, ನಡುವೆ ಕೂರಿಸಿ ನೀರೆರೆಯುವ ಶಾಸ್ತ್ರವೆಂದು ವರನ ಕಡೆಯ ಹೆಂಗಸರು ವಿವರಿಸಿದರು. ಒಂದೇ ಧರ್ಮ, ಒಂದೇ ಭಾಷೆ. ಆದರೂ ತುಂಗಭದ್ರೆಯ ಆಚೆ ಈಚೆಗೆ ಇಷ್ಟು ವ್ಯತ್ಯಾಸ. ಈ ಮಾತುಗಳು ಮದುವೆಯ ದಿನ ಮಂಟಪದಲ್ಲಿ ಎದ್ದಿದ್ದರೆ ಅವೇ ಜಗಳಗಳಾಗುತ್ತಿದ್ದವು. ಎರಡು ತಿಂಗಳು ಮೊದಲೇ ಕಾಗದದ ಮೇಲೆ ಎದ್ದುದರಿಂದ ಬರಿಯ ಪ್ರಶ್ನೆಗಳಾಗಿ ಮುಗಿದವು. ಹಿಂದಿನ ಸಂಜೆ ಬೀಗರ ಸ್ವಾಗತ, ವಚನಗಾಯನ ಮತ್ತು ಊಟ. ವಧೂವರರನ್ನು ಜೊತೆಯಾಗಿ ಕೂರಿಸುವುದು ಮರುದಿನ ಮಾಂಗಲ್ಯಧಾರಣೆಯ ಅನಂತರವೇ ಎಂದು ತೀರ್ಮಾನವಾಯಿತು. ಸುರಗಿಯೂ ಉಳಿಯಿತು.

ಏಳನೆಯ ಅಂಶಕ್ಕೆ ಬಂದಾಗ ಮಾತು ನಿಂತಿತು. ‘ವರೋಪಚಾರ ಹಾಗೂ ಉಡುಗೊರೆ ಸಮರ್ಪಣೆ: ೩೦ ನಿಮಿಷ’ ಎಂದು ಬರೆದಿತ್ತು. ಮಾಂಗಲ್ಯಧಾರಣೆಗೆ ಇದ್ದುದು ೧೦ ನಿಮಿಷ. ವಧೂವರರ ಪ್ರತಿಜ್ಞೆ ಎಂಬ ಅಂಶ ಹದಿನಾಲ್ಕರಲ್ಲಿ ಎಲ್ಲಿಯೂ ಇರಲಿಲ್ಲ.

‘ಈ ಅರ್ಧ ಗಂಟೆಯಲ್ಲಿ ಏನು ನಡೆಯುತ್ತದೆ?’ ಎಂದು ಕೇಳಿದೆವು. ಯಾರೂ ಉತ್ತರಿಸಲಿಲ್ಲ. ವಧುವಿನ ತಂದೆ ನೆಲವನ್ನು ನೋಡುತ್ತಿದ್ದರು. ವರನ ಸೋದರಮಾವನವರು, ‘ಏನಿಲ್ಲ ಅಜ್ಜಾರ, ಪದ್ಧತಿ ಪ್ರಕಾರ ಏನ ಕೊಡ್ತಾರೋ ಅದು’ ಎಂದರು.

ವಾಚಕರೇ, ವರನನ್ನು ಆದರದಿಂದ ಬರಮಾಡಿಕೊಳ್ಳುವುದು ನಮ್ಮ ಸಂಸ್ಕೃತಿ. ಕಾಲಿಗೆ ನೀರು ಕೊಡುವುದು, ಹೊಸ ಬಟ್ಟೆ ಕೊಡುವುದು ಇವೆಲ್ಲ ಉಪಚಾರವೇ ಸರಿ. ಆದರೆ ಅದೇ ‘ಉಪಚಾರ’ ಎಂಬ ಒಳ್ಳೆಯ ಪದದ ಮರೆಯಲ್ಲಿ ಚಿನ್ನ, ವಾಹನ, ನಗದು ಇವು ಬಂದು ಕುಳಿತಿರುವುದು ನಮ್ಮೆಲ್ಲರಿಗೂ ತಿಳಿದ ವಿಷಯ. ವರದಕ್ಷಿಣೆಯನ್ನು ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧವೆಂದು ೧೯೬೧ರ ಕಾಯಿದೆ ಸಾರಿದೆ. ಮದುವೆಯಲ್ಲಿ ಪ್ರೀತಿಯಿಂದ ಬಂದ ಉಡುಗೊರೆಗಳನ್ನೂ ಪಟ್ಟಿ ಮಾಡಿ ಇಟ್ಟುಕೊಳ್ಳಬೇಕೆಂದು ೧೯೮೫ರಲ್ಲಿ ನಿಯಮಗಳು ಬಂದವು. ಇಷ್ಟಾದರೂ ಆ ಪದ್ಧತಿ ಸತ್ತಿಲ್ಲ. ಅಚ್ಚಿನ ಪತ್ರಿಕೆಯಲ್ಲಿ ಗೌರವದ ಹೆಸರಿನೊಡನೆ ಸಮಯವನ್ನೂ ನಿಗದಿ ಮಾಡಿಕೊಂಡು ಬರುತ್ತಿದೆ. ‘ಈ ಸಾಲು ಇರುವ ಮದುವೆಗೆ ನಾವು ಬರುವುದಕ್ಕೆ ಆಗುವುದಿಲ್ಲ’ ಎಂದಷ್ಟೇ ನಾವು ಹೇಳಿದೆವು.

ಆಗ ಆ ಹುಡುಗಿ ತಲೆಯೆತ್ತಿ, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ, ‘ಆ ಅರ್ಧ ಗಂಟೆ ನನಗೆ ಬೇಡ ಬುದ್ಧೀ. ಆ ಜಾಗದಲ್ಲಿ ನಾವಿಬ್ಬರೂ ಏನು ಹೇಳುತ್ತೇವೆ ಅಂತ ಬರೆಸಿ’ ಎಂದಳು. ವರನು, ‘ನನ್ನದೂ ಅದೇ ಮಾತು’ ಎಂದನು. ಸ್ವಲ್ಪ ಹೊತ್ತು ಮೌನ. ಅನಂತರ ವರನ ಅಜ್ಜನವರು ಕನ್ನಡಕ ಹಾಕಿಕೊಂಡು, ಅಳಿಯನ ಜೇಬಿನಿಂದ ಲೇಖನಿಯನ್ನು ತೆಗೆದುಕೊಂಡು, ಏಳನೆಯ ಸಾಲಿನ ಮೇಲೆ ಗೆರೆ ಎಳೆದರು. ‘ನಮ್ಮ ಮನ್ಯಾಗ ಇದು ಮೊದಲ ಇದ್ದಿಲ್ಲರಿ. ನಡಬರ್ಕ ಬಂದದ್ದು ನಡಬರ್ಕ ಹೋಗಲಿ’ ಎಂದರು. ಆ ಮದುವೆಗಾಗಿ ತೆಂಗಿನ ತೋಟವನ್ನು ಆಧಾರ ಮಾಡುವ ಯೋಚನೆಯಲ್ಲಿದ್ದುದನ್ನು ವಧುವಿನ ತಂದೆ ನಮಗೆ ತಿಳಿಸಿದ್ದು ಮದುವೆಯೆಲ್ಲ ಮುಗಿದ ಮೇಲೆ.

ಕೊನೆಗೆ ಅಚ್ಚಾದದ್ದು ಒಂದೇ ಹಾಳೆ. ನಡುವೆ ಮಡಿಸಿದರೆ ನಾಲ್ಕು ಪುಟ. ಮೊದಲ ಪುಟದಲ್ಲಿ ವಧೂವರರ ಹೆಸರು, ದಿನ, ಸ್ಥಳ. ಒಳಗಿನ ಎಡಪುಟದಲ್ಲಿ ಎಂಟು ಅಂಶಗಳು: ಸುರಗಿ, ಪಂಚಕಲಶ ಸ್ಥಾಪನೆ, ವಧೂವರರ ಆಗಮನ, ಕಂಕಣಧಾರಣೆ, ಪ್ರತಿಜ್ಞೆ, ಮಾಂಗಲ್ಯಧಾರಣೆ ಮತ್ತು ಅಕ್ಷತೆ, ಗುರುಹಿರಿಯರ ಆಶೀರ್ವಾದ, ಪ್ರಸಾದ. ಪ್ರತಿಯೊಂದರ ಕೆಳಗೂ ಅದು ಏನು, ಏಕೆ ಎಂಬುದಕ್ಕೆ ಎರಡು ಸಾಲಿನ ವಿವರಣೆ. ಐದು ಕಲಶಗಳು ಪಂಚಾಚಾರ್ಯರ ಸಾನ್ನಿಧ್ಯದ ಕುರುಹು ಎಂಬುದನ್ನು ಎಷ್ಟೋ ಮಂದಿ ತರುಣರು ಅಂದೇ ಮೊದಲು ಓದಿದರಂತೆ. ಒಳಗಿನ ಬಲಪುಟ ಪೂರ್ತಿ ಪ್ರತಿಜ್ಞೆಗೆ ಮೀಸಲು. ವಧೂವರರೇ ಬರೆದು ತಂದುದನ್ನು ನಾವು ಅಲ್ಪಸ್ವಲ್ಪ ತಿದ್ದಿಕೊಟ್ಟೆವು: ‘ಗುರು, ಲಿಂಗ, ಜಂಗಮ ಸಾಕ್ಷಿಯಾಗಿ, ಇಲ್ಲಿ ನೆರೆದ ನಿಮ್ಮೆಲ್ಲರ ಸಾಕ್ಷಿಯಾಗಿ ನಾನು ಇವರನ್ನು ಬಾಳಸಂಗಾತಿಯಾಗಿ ಸ್ವೀಕರಿಸಿದ್ದೇನೆ. ಇವರ ಮನೆಯಿಂದ ನಾನು ಏನನ್ನೂ ಕೇಳಿಲ್ಲ, ಕೇಳುವುದಿಲ್ಲ. ದುಡಿದು ತಂದುದನ್ನು ಇಬ್ಬರೂ ಹಂಚಿಕೊಂಡು ಉಣ್ಣುತ್ತೇವೆ. ಇಬ್ಬರ ತಂದೆತಾಯಿಗಳೂ ನಮಗೆ ಸಮಾನರು. ಸಿಟ್ಟು ಬಂದ ದಿನವೂ ಈ ಮಾತನ್ನು ಮರೆಯುವುದಿಲ್ಲ.’ ಕಡೆಯ ವಾಕ್ಯ ಹುಡುಗಿಯದು. ಅದನ್ನು ತಿದ್ದುವ ಅಗತ್ಯ ನಮಗೆ ಕಾಣಲಿಲ್ಲ.

ಅರಗಿನ ಬಣ್ಣದ ಸುರುಳಿಯೂ ವ್ಯರ್ಥವಾಗಲಿಲ್ಲ. ಐನೂರರ ಬದಲು ಒಂದೇ ಒಂದನ್ನು ಮಾಡಿಸಲಾಯಿತು. ಅದರಲ್ಲಿ ಈ ಪ್ರತಿಜ್ಞೆಯನ್ನು ದಪ್ಪ ಅಕ್ಷರಗಳಲ್ಲಿ ಬರೆಯಿಸಿ, ವಧೂವರರು ಅದನ್ನು ಹಿಡಿದು ಓದಿದರು. ಅವರು ಓದುವಾಗ ವಾಲಗವನ್ನು ನಿಲ್ಲಿಸಲಾಗಿತ್ತು. ಫೋಟೋದವರು ಕೆಳಗಿಳಿದು ನಿಂತಿದ್ದರು, ಏಕೆಂದರೆ ಅದನ್ನೂ ಪತ್ರಿಕೆಯಲ್ಲಿಯೇ ಅಚ್ಚು ಮಾಡಿಸಿದ್ದೆವು. ಸಭೆಯಲ್ಲಿದ್ದವರು ಕೈಯಲ್ಲಿದ್ದ ಹಾಳೆಯನ್ನು ನೋಡುತ್ತ, ಅಕ್ಷರ ಬಲ್ಲವರು ಅಕ್ಷರ ಬಾರದವರಿಗೆ ಹೇಳುತ್ತ ಕೇಳಿದರು. ಮಾಂಗಲ್ಯಧಾರಣೆಯಾದ ಮೇಲೆ ಎರಡೂ ಮನೆಯ ಹಿರಿಯರು ಆ ಸುರುಳಿಯ ಕೆಳಗೆ ಸಹಿ ಮಾಡಿದರು. ಕೋಲನ್ನು ಕಡೆದ ಆ ಮುಸ್ಲಿಂ ಮಿತ್ರರೂ ಸಹಿ ಮಾಡಿದರು. ಅದು ಈಗ ಆ ದಂಪತಿಗಳ ಮನೆಯ ಗೋಡೆಯ ಮೇಲಿದೆ.

ಇದನ್ನು ಕೇಳಿದ ಕೆಲವರು ನಮ್ಮೊಡನೆ ಆಕ್ಷೇಪಣೆಗಳನ್ನು ಎತ್ತಿದ್ದಾರೆ. ಅವುಗಳಿಗೂ ಉತ್ತರ ಹೇಳಬೇಕು. ‘ಕಾರ್ಯಕ್ರಮ ಪತ್ರಿಕೆ ಹಂಚುವುದು ಕ್ರೈಸ್ತರ ಪದ್ಧತಿ, ನಮಗೇಕೆ?’ ಎಂಬುದು ಮೊದಲನೆಯದು. ಇಗರ್ಜಿಯ ಮದುವೆಗಳಲ್ಲಿ ಪ್ರಾರ್ಥನೆ, ಗೀತೆ, ಪ್ರತಿಜ್ಞೆಗಳನ್ನು ಅಚ್ಚು ಮಾಡಿ ಹಂಚುವುದು ನಿಜ. ಅದರ ಹಿಂದಿನ ಇತಿಹಾಸ ತಿಳಿಯತಕ್ಕದ್ದು. ಇಂಗ್ಲೆಂಡಿನಲ್ಲಿಯೂ ಒಂದು ಕಾಲಕ್ಕೆ ಪೂಜಾವಿಧಿಗಳೆಲ್ಲ ಲ್ಯಾಟಿನ್ ಭಾಷೆಯಲ್ಲಿದ್ದವು. ೧೫೪೯ರಲ್ಲಿ ಹೊರಟ ಪ್ರಾರ್ಥನಾಗ್ರಂಥವು ಆ ವಿಧಿಗಳನ್ನು ಜನರ ನುಡಿಯಾದ ಇಂಗ್ಲಿಷಿಗೆ ತಂದಿತು. ರೋಮನ್ ಕ್ಯಾಥೊಲಿಕರು ೧೯೬೨ರಿಂದ ೧೯೬೫ರವರೆಗೆ ನಡೆದ ವ್ಯಾಟಿಕನ್ ಮಹಾಸಭೆಯ ನಂತರವೇ ತಮ್ಮ ಪೂಜೆಯನ್ನು ಲೋಕದ ನಾನಾ ದೇಶಭಾಷೆಗಳಲ್ಲಿ ವ್ಯಾಪಕವಾಗಿ ನಡೆಸಲು ಆರಂಭಿಸಿದರು. ಜನರ ಮಾತಿನಲ್ಲಿಯೇ ಧರ್ಮವನ್ನು ಹೇಳಬೇಕೆಂಬುದನ್ನು ಹನ್ನೆರಡನೆಯ ಶತಮಾನದಲ್ಲಿಯೇ ಕಲ್ಯಾಣದ ಶರಣರು ನಡೆದು ತೋರಿಸಿದ ನಾಡು ನಮ್ಮದು. ಹಾಗಿರುವಾಗ ಇದು ಪರಕೀಯ ಪದ್ಧತಿ ಹೇಗಾದೀತು?

‘ಮಂತ್ರದ ಶಕ್ತಿ ಅದರ ಧ್ವನಿಯಲ್ಲಿದೆ, ಅರ್ಥ ತಿಳಿಯಬೇಕಾಗಿಲ್ಲ’ ಎಂಬುದು ಎರಡನೆಯ ಆಕ್ಷೇಪಣೆ. ಇದು ಹೊಸದಲ್ಲ. ಮಂತ್ರಗಳಿಗೆ ಅರ್ಥವೇ ಇಲ್ಲವೆಂದು ಕೌತ್ಸನೆಂಬ ಆಚಾರ್ಯನು ವಾದಿಸಿದನೆಂದೂ, ಅರ್ಥವುಂಟೆಂದು ಯಾಸ್ಕನು ಅದನ್ನು ಖಂಡಿಸಿದನೆಂದೂ ನಿರುಕ್ತದಿಂದ ತಿಳಿಯುತ್ತದೆ. ಮೈಸೂರಿನ ಪಾಠಶಾಲೆಯಲ್ಲಿ ಆ ಭಾಗವನ್ನು ಮೊದಲು ಓದಿದಾಗ ಅದು ನಮಗೆ ವ್ಯಾಕರಣದ ಚರ್ಚೆಯಾಗಿ ಕಂಡಿತ್ತು. ಮುಂದೆ ಮಾನಸಗಂಗೋತ್ರಿಯಲ್ಲಿ ಮತ್ತೆ ಓದಿದಾಗ ಅದು ಬದುಕಿನ ಚರ್ಚೆಯೆಂದು ತೋರಿತು. ಮಂತ್ರವನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಅದನ್ನು ಪಠಿಸಲಿ, ಅದರ ಪಕ್ಕದಲ್ಲಿ ಕನ್ನಡದ ಅರ್ಥವೂ ಇರಲಿ ಎನ್ನುತ್ತೇವೆ.

ಈ ದಾರಿಯಲ್ಲಿ ನಮಗಿಂತ ಮೊದಲು ನಡೆದವರುಂಟು. ಕುವೆಂಪು ಅವರು ೧೯೬೬ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಆಡಂಬರವಿಲ್ಲದ ‘ಮಂತ್ರಮಾಂಗಲ್ಯ’ದ ಕ್ರಮದಲ್ಲಿ ನಡೆಸಿದರು. ಆಯ್ದ ಮಂತ್ರಗಳು, ವಧೂವರರು ತಾವೇ ಉಚ್ಚರಿಸುವ ಪ್ರತಿಜ್ಞೆಗಳು ಇವೇ ಅದರ ಜೀವಾಳ. ಕಿರುಹೊತ್ತಿಗೆಯಾಗಿ ಬಂದ ಆ ವಿಧಿಯನ್ನು ಕೈಯಲ್ಲಿ ಹಿಡಿದು ಓದಿ ಮದುವೆಯಾಗುವವರು ನಮ್ಮ ನಾಡಿನಲ್ಲಿ ಇಂದಿಗೂ ಇದ್ದಾರೆ. ೧೯೭೨ರಿಂದ ಧರ್ಮಸ್ಥಳದಲ್ಲಿ ನಡೆದುಬಂದಿರುವ ಸಾಮೂಹಿಕ ವಿವಾಹಗಳೂ, ನಮ್ಮ ಮಠಗಳಲ್ಲಿ ನಡೆಯುವ ಸರಳ ವಿವಾಹಗಳೂ ಬಡವರ ಹೊರೆಯನ್ನು ಇಳಿಸಿವೆ. ಎಲ್ಲರೂ ಅದೇ ಕ್ರಮವನ್ನು ಅನುಸರಿಸಬೇಕೆಂಬುದು ನಮ್ಮ ಆಗ್ರಹವಲ್ಲ. ಮಂತ್ರಮಾಂಗಲ್ಯವಾಗಲಿ, ಪಂಚಕಲಶದ ವಿಧಿಯಾಗಲಿ, ವಚನಗಳ ಪಠಣವಾಗಲಿ, ಆಡುವವರಿಗೆ ಆ ಮಾತು ತಿಳಿದಿರಲಿ ಎಂಬುದಷ್ಟೇ ನಮ್ಮ ಹೇಳಿಕೆ.

ನಮ್ಮ ದೇಶದ ಕಾನೂನಿನಲ್ಲಿಯೂ ಇದೇ ತಿರುಳು ಕಾಣುತ್ತದೆ. ೧೯೫೪ರ ವಿಶೇಷ ವಿವಾಹ ಕಾಯಿದೆಯಂತೆ ಮದುವೆಯಾಗುವವರು ಅಧಿಕಾರಿಯ ಹಾಗೂ ಮೂವರು ಸಾಕ್ಷಿಗಳ ಮುಂದೆ, ತಮಗೆ ಅರ್ಥವಾಗುವ ಭಾಷೆಯಲ್ಲಿ, ಒಬ್ಬರನ್ನೊಬ್ಬರು ಸ್ವೀಕರಿಸಿದೆವೆಂದು ಹೇಳಬೇಕು. ತಮಿಳುನಾಡು ೧೯೬೭ರಲ್ಲಿ ಮಾಡಿದ ತಿದ್ದುಪಡಿಯಲ್ಲಿಯೂ ‘ಅರ್ಥವಾಗುವ ಭಾಷೆ’ ಎಂಬ ಮಾತಿದೆ. ೧೯೫೫ರ ಹಿಂದೂ ವಿವಾಹ ಕಾಯಿದೆ ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ವಧು ಅಥವಾ ವರನ ಕಡೆಯ ಸಂಪ್ರದಾಯದ ವಿಧಿಗಳಿಂದ ಮದುವೆ ನಡೆಯಬಹುದೆಂದು ಅದು ಹೇಳುತ್ತದೆ. ೨೦೨೪ರಲ್ಲಿ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರಿದ್ದ ಸರ್ವೋಚ್ಚ ನ್ಯಾಯಾಲಯದ ಪೀಠವು, ವಿಧಿಗಳು ನಡೆಯದೆ ಬರಿಯ ನೋಂದಣಿ ಪತ್ರದಿಂದ ಈ ಕಾಯಿದೆಯಡಿ ಮದುವೆಯಾದಂತಾಗುವುದಿಲ್ಲವೆಂದು ಸ್ಪಷ್ಟಪಡಿಸಿತು. ಮದುವೆ ಹಾಡುಕುಣಿತದ, ಊಟೋಪಚಾರದ ಸಂದರ್ಭವಷ್ಟೇ ಅಲ್ಲವೆಂದೂ ನೆನಪಿಸಿತು. ವಿಧಿ ನಡೆಯಿತೆಂಬುದಕ್ಕೆ ಯಾವ ವಿಧಿ, ಯಾರ ಮುಂದೆ ಎಂಬುದನ್ನು ಹೇಳುವ ಒಂದು ಹಾಳೆ ಮನೆಯಲ್ಲಿರುವುದು ಒಳ್ಳೆಯದಲ್ಲವೇ? ನೋಂದಣಿ ಕಚೇರಿಯಲ್ಲಿ ಲಗ್ನಪತ್ರಿಕೆಯನ್ನೂ ಕೇಳುವುದು ವಾಡಿಕೆಯಾಗಿರುವುದರಿಂದ ಇದನ್ನೂ ಅದರ ಜೊತೆಗೆ ಜೋಪಾನವಾಗಿಡಿ. ನೋಂದಣಿಯನ್ನು ಮಾತ್ರ ಮರೆಯಬೇಡಿ.

ಇನ್ನು ಮಾದರಿಯ ವಿಷಯ. ಕಾಗದ ದಪ್ಪವಾಗಿರಬೇಕಾಗಿಲ್ಲ, ಅಕ್ಷರ ದಪ್ಪವಾಗಿರಲಿ. ಕೊನೆಯ ಸಾಲಿನಲ್ಲಿ ಕುಳಿತ ಅಜ್ಜಿ ಕನ್ನಡಕದ ಸಹಾಯದಿಂದ ಓದುವಂತಿರಲಿ. ಹೊಳೆಯುವ ಕಾಗದದ ಮೇಲೆ ದೀಪದ ಬೆಳಕು ಬಿದ್ದರೆ ಅಕ್ಷರ ಕಾಣುವುದಿಲ್ಲ. ಸಾದಾ ಬಿಳಿಯ ಅಥವಾ ತಿಳಿ ಹಳದಿಯ ಕಾಗದದ ಮೇಲೆ ಕಪ್ಪು
ಅಕ್ಷರವೇ ಶ್ರೇಷ್ಠ. ಪ್ಲಾಸ್ಟಿಕ್ಕಿನ ಹೊದಿಕೆ ಬೇಡ. ಇಷ್ಟಲಿಂಗದ, ಬಸವಣ್ಣನವರ, ಗುರುಗಳ ಚಿತ್ರಗಳನ್ನು ಹಂಚುವ ಹಾಳೆಯ ಮೇಲೆ ಅಚ್ಚು ಮಾಡಿಸಬೇಡಿ. ಊಟದ ಎಲೆಗಳ ಜೊತೆಗೆ ಅವು ತಿಪ್ಪೆ ಸೇರುವುದನ್ನು, ಜನರ ಕಾಲಡಿಗೆ ಬೀಳುವುದನ್ನು ನೋಡಿ ನಮಗೆ ಸಂಕಟವಾಗಿದೆ. ಮನೆಗೊಂದು ಪ್ರತಿ ಸಾಕು, ತಲೆಗೊಂದು ಬೇಡ.

ಹೆಸರುಗಳ ಪಟ್ಟಿ ಬೆಳೆದಷ್ಟೂ ಹೆಸರು ಬಿಟ್ಟುಹೋದವರ ಮುನಿಸೂ ಬೆಳೆಯುತ್ತದೆ. ಆದುದರಿಂದ ವಧೂವರರ ಹಾಗೂ ತಂದೆತಾಯಿಗಳ ಹೆಸರಿಗೆ ನಿಲ್ಲಿಸಿ. ತಾಯಿಯ ಹೆಸರನ್ನು ಬಿಡಬೇಡಿ. ಸಭೆ ಏನು ಮಾಡಬೇಕೆಂಬುದನ್ನೂ ಬರೆಯಿರಿ: ಯಾವಾಗ ಎದ್ದು ನಿಲ್ಲಬೇಕು, ಯಾವಾಗ ಅಕ್ಷತೆ ಹಾಕಬೇಕು, ಯಾವ ಐದು ನಿಮಿಷ ಮೌನವಾಗಿರಬೇಕು ಎಂದು ತಿಳಿಸಿದರೆ ಜನ ಸಂತೋಷದಿಂದ ಪಾಲಿಸುತ್ತಾರೆ. ಬೀಗರು ಬೇರೆ ಭಾಷೆಯವರಾದರೆ ಪ್ರತಿಜ್ಞೆಯನ್ನು ಅವರ ಭಾಷೆಯಲ್ಲಿಯೂ ಅಚ್ಚು ಮಾಡಿಸಿ. ಅಚ್ಚಿಗೆ ಶಕ್ತಿಯಿಲ್ಲದ ಮನೆಯವರು ಚಿಂತಿಸಬೇಕಾಗಿಲ್ಲ. ಒಳ್ಳೆಯ ಕೈಬರಹದವರಿಂದ ದೊಡ್ಡ ಹಾಳೆಯ ಮೇಲೆ ಬರೆಸಿ ಮಂಟಪದ ಪಕ್ಕದಲ್ಲಿ ನಿಲ್ಲಿಸಿದರೂ ಸಾಕು. ಸ್ಪಷ್ಟವಾಗಿ ಓದಬಲ್ಲ ಒಬ್ಬರು ಪ್ರತಿಯೊಂದು ವಿಧಿಗೂ ಮೊದಲು ಅದನ್ನು ಓದಿ ಹೇಳಲಿ.

ಎಲ್ಲಕ್ಕಿಂತ ಮುಖ್ಯವಾದುದು, ಅಚ್ಚಿಗೆ ಕೊಡುವ ಮೊದಲು ಎರಡೂ ಮನೆಯವರು ಜೊತೆಗೆ ಕುಳಿತು ಅದನ್ನು ಗಟ್ಟಿಯಾಗಿ ಓದಿ. ವಧೂವರರೂ ಅಲ್ಲಿರಲಿ. ಓದುವಾಗ ಯಾರಾದರೂ ತಲೆ ತಗ್ಗಿಸಬೇಕಾದ ಸಾಲು ಬಂದರೆ, ಆ ಸಾಲು ಮದುವೆಯಲ್ಲಿಯೂ ಇರತಕ್ಕದ್ದಲ್ಲ ಎಂದು ತಿಳಿಯಿರಿ. ಅದನ್ನು ಅಳಿಸುವುದಕ್ಕೆ ಒಂದು ಲೇಖನಿಯೂ ಒಬ್ಬ ಹಿರಿಯರ ಧೈರ್ಯವೂ ಸಾಕು. ಹಿರಿಯರಾದವರು ಆ ಧೈರ್ಯವನ್ನು ತೋರಬೇಕು. ಕಿರಿಯರು ಅದನ್ನು ಕೇಳುವುದಕ್ಕೆ ಅಂಜಬಾರದು.

ಕಾರ್ತಿಕ, ಮಾಘ, ವೈಶಾಖ ಮಾಸಗಳಲ್ಲಿ ನಿಮ್ಮ ಮನೆಗಳಲ್ಲಿ ಮಂಗಳವಾದ್ಯಗಳು ಮೊಳಗಲಿ. ವಧೂವರರು ತಿಳಿದು ಆಡಿದ ಮಾತಿಗೆ ತಿಳಿದು ಸಾಕ್ಷಿಯಾಗುವ ಬಂಧುಬಳಗ ನಿಮಗಿರಲಿ. ನುಡಿದಂತೆ ನಡೆಯುವ ಬಲವನ್ನು ಪರಶಿವನು ಆ ದಂಪತಿಗಳಿಗೆ ಕರುಣಿಸಲೆಂದು ಹಾರೈಸುತ್ತೇವೆ.